ಲಾಳದೊಳಗಿನ ಕಲ್ಲು

“ಎಲ್ರೂ ಎದ್ದು ನಿಂತ್ಕೊಳ್ಳಿ, ನಮ್ಮ ಅಳಿಯಂದಿರು ಕುದುರೆ ಕಾಲಿನ ಡಾಕ್ಟರಾಗಿದ್ದಾರೆ,” ಎಂದ ಮಾವ. “ಎಂಟನೇ ಕ್ಲಾಸಲ್ಲಿ ಮೇಷ್ಟ್ರು ಕಿವಿ ಹಿಡಿದು ಆಚೆ ಹಾಕಿದ್ರು. ಅವತ್ತಿಂದ ನನ್ನ ಮನೆ ಅನ್ನ ತಿಂದು ಕಲಿತಿದ್ದು ಇಷ್ಟು. ಕಲ್ಲುದಾರಿಗೆ ಲಾಳ ಬೇಡವಂತೆ. ಇವನ ತಲೆ ಖಾಲಿ ಡಬ್ಬ. ತಟ್ಟಿದ್ರೆ ಸದ್ದು ಬರುತ್ತೆ ಅಂತ ಮೇಲೆ ಇಷ್ಟೊಂದು ಕೂದಲು ಬೆಳೆದಿದೆ.”

ಅಂಗಳದಲ್ಲಿದ್ದ ಐದು ಜನ ಹೇರಿನವರು ನಕ್ಕರು. ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತುವವರು ಅವರು. ಬೆಳಿಗ್ಗೆ ಹೊತ್ತು ಅವರಿಗೆ ಇನ್ನೊಬ್ಬರ ಮಾನಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಕುದುರೆಗಳ ಯಜಮಾನನಾದ ಕಂಟ್ರಾಕ್ಟರು ಎಲ್ಲರೂ ನಕ್ಕರೋ ಇಲ್ಲವೋ ಎಂದು ನೋಡಿಕೊಂಡು ಆಮೇಲೆ ನಕ್ಕ. ಅಕ್ಕ ಒಬ್ಬಳೇ ನಗಲಿಲ್ಲ. ಬೂದಿ ಎಂಬ ಹೆಣ್ಣುಕುದುರೆಯ ಹಗ್ಗ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಲಾಳ ಬೇಡ ಎಂದು ನಾನು ಹೇಳಿರಲಿಲ್ಲ. ಹೇಳಿದ್ದು ಬೇರೆ. ಬೂದಿ ಕುಂಟುತ್ತಿರುವುದು ಲಾಳ ಸವೆದಿದ್ದಕ್ಕಲ್ಲ, ಅವಳ ಅಂಗಾಲು ನೊಂದಿದೆ, ಇವತ್ತು ಅದನ್ನು ಚಾಕುವಿನಿಂದ ಕೆತ್ತಬೇಡ, ಹತ್ತು ದಿನ ಮಣ್ಣಿನ ಮೇಲೆ ಬಿಡೋಣ ಎಂದಿದ್ದೆ. ಲಾಳ ಗೊರಸಿನ ಅಂಚು ಸವೆಯದಂತೆ ಕಾಯುತ್ತದೆ. ಅದನ್ನು ಯಾವ ಕುರುಡನಾದರೂ ಒಪ್ಪುತ್ತಾನೆ. ಆದರೆ ಲಾಳ ಅಂಚಿನಲ್ಲಿರುವ ಒಂದು ಬಳೆ, ಅಷ್ಟೇ. ಬಳೆಯ ನಡುವೆ ಅಂಗಾಲು ಬರಿದಾಗಿಯೇ ಇರುತ್ತದೆ. ಕಲ್ಲಿನ ಮೊನೆ ನಡುವೆ ಬಂದು ಚುಚ್ಚಿದರೆ ಅಂಚಿನ ಕಬ್ಬಿಣ ಏನು ಮಾಡೀತು?

ಮಾವ ಎಂದರೆ ನನ್ನ ತಾಯಿಯ ಅಣ್ಣ. ನಲವತ್ತು ವರ್ಷದಿಂದ ಲಾಳ ಕಟ್ಟುತ್ತಿದ್ದಾನೆ. ಆ ಕೈಯನ್ನು ನಾನು ಬೈಯಲಾರೆ. ಅವನು ಹೊಡೆದ ಮೊಳೆ ಒಂದು ಕೂದಲಿನಷ್ಟೂ ಆಚೀಚೆ ಹೋಗುವುದಿಲ್ಲ. ಆದರೆ ನಮ್ಮ ಅಂಗಳಕ್ಕೆ ಒಂದು ಹಟ ಇದೆ, ಅದಕ್ಕೆ ಕನ್ನಡಿ ತೋರಿಸುವುದು ಎನ್ನುತ್ತಾರೆ. ಲಾಳ ಕೂರಿಸುವ ಮುಂಚೆ ಅಂಗಾಲನ್ನು ಬಾಗಿದ ಚಾಕುವಿನಿಂದ ಪದರ ಪದರವಾಗಿ ಕೆತ್ತಬೇಕು. ಕೆತ್ತಿ ಕೆತ್ತಿ ಅದು ಬೆಳ್ಳಗೆ ನುಣ್ಣಗೆ ಹೊಳೆಯಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಕುದುರೆಯ ಯಜಮಾನನಿಗೆ ಎತ್ತಿ ತೋರಿಸಬೇಕು. ಅವನು ತಲೆ ಆಡಿಸಿದರೆ ಕೆಲಸ ಚೊಕ್ಕವಾಯಿತು ಎಂದು ಅರ್ಥ. ಬೇರೆ ಅಂಗಳದವರು ಕೊಳಕು ಕಾಲಿಗೆ ಕಬ್ಬಿಣ ಬಡಿಯುತ್ತಾರೆ, ನಾವು ಹಾಗಲ್ಲ ಎನ್ನುವುದು ಮಾವನ ಜಂಬ. ನನಗೆ ಹದಿನಾಲ್ಕು ವರ್ಷವಿದ್ದಾಗ, ಅಂಗಾಲು ಮಂಕಾಗಿ ಕಂಡರೆ ಚಾಕುವಿನ ಹಿಡಿಯಿಂದ ನನ್ನ ಬೆರಳ ಗಂಟಿಗೆ ಹೊಡೆಯುತ್ತಿದ್ದ. ಹಾಗಾಗಿ ನಾನೂ ಕೆತ್ತುವುದರಲ್ಲಿ ಕೈ ಪಳಗಿಸಿಕೊಂಡೆ. ಆರು ವಾರದ ಹಿಂದೆ ಬೂದಿಯ ಕಾಲು ಕೆತ್ತಿದ್ದು ನಾನೇ. ಕಂಟ್ರಾಕ್ಟರು ಆವತ್ತು ತಲೆಯನ್ನು ಎರಡು ಸಲ ಆಡಿಸಿದ್ದ.

ನನ್ನ ಕಣ್ಣು ತೆರೆಸಿದ್ದು ಒದೆಯಪ್ಪ. ಹಾಗೆಂದರೆ ಮನುಷ್ಯನಲ್ಲ, ಒಂದು ಮುದಿ ಕಂದು ಕುದುರೆ. ಅದರ ಹಿಂಗಾಲು ಮುಟ್ಟಲು ಹೋದ ಇಬ್ಬರಿಗೆ ಹಲ್ಲಿಲ್ಲ. ಎರಡು ವರ್ಷದಿಂದ ಅದರ ಹಿಂಗಾಲಿಗೆ ಚಾಕುವೂ ಇಲ್ಲ, ಲಾಳವೂ ಇಲ್ಲ. ನೋಡಲು ಕೊಳಕು, ಮಸಿ ಹಿಡಿದ ಹೆಂಚಿನ ಹಾಗಿದೆ. ಆದರೆ ಅದೇ ಕಲ್ಲುದಾರಿಯಲ್ಲಿ ಅದೇ ಭಾರ ಹೊತ್ತು ಆ ಮುದುಕ ಒಂದು ದಿನವೂ ಹಿಂಗಾಲು ಕುಂಟಲಿಲ್ಲ. ಕುಂಟಿದ್ದೆಲ್ಲ ನಾವು ಕನ್ನಡಿ ತೋರಿಸಿದ ಕಾಲುಗಳೇ.

ಇದನ್ನು ಹೇಳಿದ್ದಕ್ಕೇ ಡಬ್ಬದ ಮಾತು ಬಂದಿದ್ದು. ಮಾವ ಅಷ್ಟಕ್ಕೆ ಬಿಡಲಿಲ್ಲ, ಸಾಬೀತು ಮಾಡಿ ತೋರಿಸುತ್ತೇನೆ ಎಂದ. ಬೂದಿಯ ಮುಂಗಾಲಿನ ಹಳೆಯ ಲಾಳ ಎರಡನ್ನೂ ಕಿತ್ತು, ಅಂಗಾಲನ್ನು ಹೊಳೆಯುವಂತೆ ಕೆತ್ತಿ, ಬರಿಗಾಲಿನಲ್ಲಿ ಅಂಗಳದ ಕಲ್ಲುಚಪ್ಪಡಿಯ ಮೇಲೆ ನಡೆಸಿದ. ಅವಳು ಕೆಂಡ ತುಳಿದ ಹಾಗೆ ಹೆಜ್ಜೆ ಹಾಕಿದಳು. “ನೋಡಿದ್ರಾ?” ಎಂದ. ಹೊಸ ಲಾಳ ಕಾಯಿಸಿ, ಕೂರಿಸಿ, ಮೊಳೆ ಹೊಡೆದು ಮತ್ತೆ ನಡೆಸಿದ. ಕುಂಟು ಸ್ವಲ್ಪ ಕಡಿಮೆಯಾಗಿತ್ತು. ಆಗಲೇಬೇಕು, ಚಪ್ಪಟೆ ಚಪ್ಪಡಿಯ ಮೇಲೆ ಅಂಗಾಲು ನೆಲ ಮುಟ್ಟುವುದಿಲ್ಲ. ಬೆಟ್ಟಕ್ಕೆ ಯಾರಾದರೂ ಚಪ್ಪಡಿ ಹಾಸಿದ್ದಾರೆಯೇ? ಒಬ್ಬನ ಚರ್ಮ ಸುಲಿದು, ನೋಡಿ ಅಂಗಿ ಇಲ್ಲದಿದ್ದರೆ ಇವನಿಗೆ ಉರಿಯುತ್ತದೆ ಎಂದ ಹಾಗಾಯಿತು ಇದು. ಎಲ್ಲರೂ ತಲೆಯಾಡಿಸಿದರು. ಹೇರಿನವರಲ್ಲಿ ಹಿರಿಯ, ನಾವು ಮೀಸೆ ಎಂದು ಕರೆಯುವವನು, ಡಾಕ್ಟರ ಫೀಸು ಎಷ್ಟು ಎಂದು ಕೇಳಿದ.

ನಾನು ಅಕ್ಕನ ಹತ್ತಿರ ಹೋಗಿ, ಇವತ್ತು ಹೋಗಬೇಡ ಎಂದು ಮೆಲ್ಲಗೆ ಹೇಳಿದೆ. ಬೆಟ್ಟದ ನೆತ್ತಿಯಲ್ಲಿ ಯಾವುದೋ ಟವರು ಕಟ್ಟುತ್ತಿದ್ದರು, ಅವರ ಕೊಠಡಿಗೆ ಮಾಡಿನ ತಗಡು ಹೋಗಬೇಕಿತ್ತು. ಉದ್ದ ತಗಡು ಹೊರಲು ತಣ್ಣಗಿನ ಕುದುರೆ ಬೇಕು, ಅಂಥದ್ದು ಬೂದಿ ಒಂದೇ.

“ಸುಮ್ನಿರೋ,” ಎಂದಳು ಅಕ್ಕ. “ಮಾವನಿಗೆ ಗೊತ್ತಿಲ್ದೆ ಇರೋದು ನಿನಗೆ ಗೊತ್ತಾ? ಎಲ್ರ ಮುಂದೆ ನನ್ನ ಮರ್ಯಾದೆನೂ ತೆಗೀಬೇಡ.”

ಹೋದಳು. ಆರು ಕುದುರೆ ಸಾಲಾಗಿ ಬಾಗಿಲು ದಾಟಿದವು. ನಾನು ಪೊರಕೆ ಹಿಡಿದು ಅಂಗಳ ಗುಡಿಸಿದೆ. ಗುಡಿಸಿದೆ ಎನ್ನುವುದಕ್ಕಿಂತ ನೆಲಕ್ಕೆ ಬಾರಿಸಿದೆ.

ಕೆತ್ತಿದ ಚಕ್ಕೆಗಳು ಅಲ್ಲೇ ಬಿದ್ದಿದ್ದವು. ಒಂದನ್ನು ಎತ್ತಿಕೊಂಡೆ. ಗೊರಸಿನ ಚಕ್ಕೆ ಒಣಗಿರಬೇಕು, ಬಾಗಿಸಿದರೆ ಪಟ್ಟನೆ ಮುರಿಯಬೇಕು. ಇದು ಒದ್ದೆ ರಟ್ಟಿನಂತೆ ಬಾಗಿತು. ತಿರುಗಿಸಿ ಬೆಳಕಿಗೆ ಹಿಡಿದೆ. ಒಳಮೈಯಲ್ಲಿ ಕೆಂಪು ಚುಕ್ಕಿಗಳಿದ್ದವು. ಒಂದಲ್ಲ, ಏಳೆಂಟು, ಒಂದರ ಪಕ್ಕ ಒಂದು. ಅದು ಒಳಗೆ ಹೆಪ್ಪುಗಟ್ಟಿದ ಹಳೆಯ ರಕ್ತ. ಅಂದರೆ ಚಾಕು ಜೀವದ ಹತ್ತಿರ ಹೋಗಿತ್ತು. ಉಳಿದಿದ್ದು ಕಾಗದದಷ್ಟು.



ಈ ದಾರಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲ ಒಂದು ಗಂಟೆ ಏನೂ ಇಲ್ಲ, ಬರಿ ಏರು. ಆಮೇಲೆ ಒಂದು ಬಯಲು. ಬಯಲು ಮುಗಿದ ಮೇಲೆ ಒಂಟಿದಾರಿ. ಒಂದು ಪಕ್ಕ ಬಂಡೆಯ ಗೋಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಒಂದು ಕುದುರೆ ಹೋಗುವಷ್ಟು ಅಗಲ, ಇನ್ನೂರು ಹೆಜ್ಜೆ ಉದ್ದ, ತಿರುಗಲು ಜಾಗವಿಲ್ಲ. ಅಲ್ಲಿ ಹೇರಿನವರು ಹಗ್ಗವನ್ನು ಮಣಿಕಟ್ಟಿಗೆ ಮೂರು ಸುತ್ತು ಸುತ್ತಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಕುದುರೆಗೆ ಧೈರ್ಯ ಬರುತ್ತದಂತೆ. ಮೂರು ವರ್ಷದ ಹಿಂದೆ ಒಬ್ಬ ಕುದುರೆಯ ಜೊತೆಗೇ ಹೋದ. ಕೆಳಗೆ ಸಿಕ್ಕಾಗ ಹಗ್ಗ ಅವನ ಕೈಯಲ್ಲೇ ಇತ್ತು. ಆಮೇಲಾದರೂ ಬುದ್ಧಿ ಬಂತೇ ಎಂದರೆ, ಅವನು ಎರಡೇ ಸುತ್ತು ಸುತ್ತಿದ್ದ, ಅದಕ್ಕೇ ಹೀಗಾಯಿತು ಎಂದು ಮೀಸೆ ತೀರ್ಪು ಕೊಟ್ಟ. ಅಕ್ಕ ಆವತ್ತಿನಿಂದ ನಾಲ್ಕು ಸುತ್ತುತ್ತಾಳೆ.

ಇಕ್ಕಳ, ಚಾಕು, ಮೂಲೆಯಲ್ಲಿದ್ದ ಹಳೆಯ ರಬ್ಬರ್ ಬೆಲ್ಟಿನ ತುಂಡು, ನಾಲ್ಕು ಗೋಣಿಚೀಲ, ಒಂದು ಸುತ್ತು ದಾರ. ಕೈಗೆ ಸಿಕ್ಕಿದ್ದನ್ನು ಹೆಗಲಿಗೆ ಹಾಕಿಕೊಂಡೆ. ಎಲ್ಲಿಗೆ ಹೊರಟೆ ಎಂದು ಮಾವ ಕುಲುಮೆಯ ಹಿಂದಿನಿಂದ ಕೂಗಿದ. ಹಾಳಾಗಿ ಹೋಗೋಕೆ ಎಂದೆ. ಹಾಳಾಗುವ ಮುಂಚೆ ಇದ್ದಿಲ ಚೀಲ ಒಳಗಿಟ್ಟು ಹೋಗು ಎಂದ. ನಾನು ಆಗಲೇ ಬಾಗಿಲಾಚೆ ಇದ್ದೆ.

ಏರಿನಲ್ಲಿ ಓಡಿದೆ. ಓಡಲಾಗದ ಕಡೆ ಕೈಯೂರಿ ಹತ್ತಿದೆ. ದಾರಿಯ ಮೇಲೆ ಆರು ಕುದುರೆಗಳ ಗುರುತಿತ್ತು. ಅದರಲ್ಲಿ ಬೂದಿಯದು ಯಾವುದೆಂದು ನನಗೆ ಗೊತ್ತಾಗುತ್ತದೆ. ಅವಳ ಲಾಳ ಹೊಸದು, ಅಂಚು ಚೂಪು. ಉಳಿದ ಐದೂ ದಾರಿಯ ನಡುವೆ ನಡೆದಿದ್ದವು. ಅವಳು ಮಾತ್ರ ಪಕ್ಕದ ಹುಲ್ಲಿನ ಅಂಚಿಗೆ ಸರಿದಿದ್ದಳು. ಹುಲ್ಲು ಮುಗಿದ ಕಡೆ ನಿಂತಿದ್ದಳು. ಲದ್ದಿ ಬಿದ್ದಿತ್ತು, ನೆಲ ಕೆದರಿತ್ತು. ಮತ್ತೆ ಹುಲ್ಲು ಸಿಕ್ಕಿದ ಕಡೆ ಅದರ ಮೇಲೆ. ಮೆತ್ತಗಿನ ಜಾಗ ಹುಡುಕಿ ಹುಡುಕಿ ಕಾಲಿಟ್ಟಿದ್ದಾಳೆ. ಅಕ್ಕನಿಗೆ ಇದು ಕಾಣಲಿಲ್ಲವೇ ಎಂದು ಸಿಟ್ಟು ಬಂತು. ಕಂಡಿರುತ್ತದೆ. ಕಂಡರೂ, ಹೊಸ ಲಾಳ, ಒಗ್ಗಬೇಕು ಎಂದುಕೊಂಡಿರುತ್ತಾಳೆ. ಮಾವ ಯಾವಾಗಲೂ ಹೇಳುವುದು ಅದನ್ನೇ.

ಇನ್ನೂ ಮೇಲೆ ಒಂದು ಬೋಳುಬಂಡೆಯ ಮೇಲೆ ಬಿಳಿ ಗೀರು ಕಾಣಿಸಿತು. ಮೊಳದುದ್ದ. ಕಬ್ಬಿಣ ಬಂಡೆಯ ಮೇಲೆ ಜಾರಿದ ಗುರುತು. ನಾಲ್ಕು ಹೆಜ್ಜೆ ದಾಟಿ ಇನ್ನೊಂದು, ಅದಕ್ಕಿಂತ ಉದ್ದ. ನಾನು ಅದರ ಮೇಲೆ ಕೈಯಿಟ್ಟೆ. ಯಾಕೆ ಇಟ್ಟೆನೋ ಗೊತ್ತಿಲ್ಲ.

ಸಿಟ್ಟು ಒಳ್ಳೆಯದು, ಅದು ಬಿಸಿಯಾಗಿರುತ್ತದೆ. ಆ ಗೀರು ನೋಡಿದ ಮೇಲೆ ನನ್ನಲ್ಲಿ ಸಿಟ್ಟು ಉಳಿಯಲಿಲ್ಲ. ಅಮ್ಮನ ಮುಖ ಕಣ್ಣಿಗೆ ಬಂತು. ಬಾಗಿಲಲ್ಲಿ ನಿಂತು, ಎಲ್ಲೋ ನಿಮ್ಮಕ್ಕ ಎಂದು ಕೇಳುತ್ತಾಳೆ. ಕೆತ್ತಿದ್ದು ಯಾರು ಎಂದು ಆಮೇಲೆ ಕೇಳುತ್ತಾಳೆ. ಇವತ್ತಿನ ಪದರ ಮಾವ ಕೆತ್ತಿದ, ಅದರ ಹಿಂದಿನ ಪದರವೆಲ್ಲ ನಾನು ಕೆತ್ತಿದೆ ಎಂದು ಹೇಳಬೇಕಾಗುತ್ತದೆ.

ಬಯಲಿನಲ್ಲಿ ಉಳಿದ ಐದು ಕುದುರೆಗಳು ಮೇಯುತ್ತಿದ್ದವು. ಹೇರಿನವರು ಬಂಡೆಯ ಮರೆಯಲ್ಲಿ ಕೂತು ಬೀಡಿ ಸೇದುತ್ತಿದ್ದರು. ಅಕ್ಕ ಎಲ್ಲಿ ಎಂದೆ. ಗಾಳಿ ಏಳುವ ಮುಂಚೆ ತಗಡು ದಾಟಿಸಬೇಕು ಎಂದು ಅವಳೊಬ್ಬಳು ಮುಂದೆ ಹೋದಳಂತೆ. ಒಂಟಿದಾರಿಯಲ್ಲಿ ಒಂದು ದಾಟಿದ ಮೇಲೆ ತಾನೇ ಇನ್ನೊಂದು. ಅರ್ಧ ಗಂಟೆಯಾಯಿತು. ಅರ್ಧ ಗಂಟೆಯಲ್ಲಿ ಎರಡು ಸಲ ದಾಟಬಹುದು. ದಾಟಿದವರು ಹೊಡೆಯುವ ಸೀಟಿ ಆಚೆಯಿಂದ ಬಂತಾ ಎಂದು ಕೇಳಿದೆ. ಮೀಸೆ ಬೀಡಿಯನ್ನು ಬಾಯಿಂದ ತೆಗೆದ. ಬಂದಿರಲಿಲ್ಲ. ಅದು ಅವನಿಗೂ ಆಗಲೇ ಹೊಳೆದಿದ್ದು. ಮುಖದ ಬಣ್ಣ ಇಳಿಯಿತು. ಆದರೂ, ಹೆಂಗಸರು ನಿಧಾನ, ಎಂದ. ಅವನ ಬಾಯಿಗೆ ಹೇಳಬೇಕಾದ ಮಾತನ್ನು ಹೇಳಿಯೇ ನಾನು ಓಡಿದೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಾಳಿ ಎದ್ದಿತ್ತು. ಒಂಟಿದಾರಿಯ ಮೊದಲ ತಿರುವಿನಲ್ಲೇ ತಗಡಿನ ಸದ್ದು ಕೇಳಿಸಿತು. ಡಬ್ ಡಬ್ ಎಂದು, ಯಾರೋ ಬಾಗಿಲು ಬಡಿದ ಹಾಗೆ. ತಗಡಿನ ಸದ್ದು ಬರುತ್ತಿದೆ ಎಂದರೆ ಅವರು ಇನ್ನೂ ಇದ್ದಾರೆ. ಗೋಡೆಗೆ ಬೆನ್ನು ಹಚ್ಚಿ ತಿರುವು ದಾಟಿದೆ.

ಬೂದಿ ದಾರಿಯ ನಡುವೆ ನಿಂತಿದ್ದಳು. ಅವಳ ಬಾಲ ನನ್ನ ಕಡೆಗಿತ್ತು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಕುರ್ಚಿಯಲ್ಲಿ ಕೂರಲು ಹೊರಟವಳ ಹಾಗೆ. ಮೈಯೆಲ್ಲ ಬೆವರಿನಿಂದ ಕಪ್ಪಾಗಿತ್ತು. ಎರಡು ಪಕ್ಕದ ತಗಡುಗಳಲ್ಲಿ ಹೊರಗಿನದು ಗಾಳಿಗೆ ಏಳುತ್ತಿತ್ತು, ಎದ್ದಾಗಲೆಲ್ಲ ಅವಳನ್ನು ಆಚೆಗೆ ಎಳೆಯುತ್ತಿತ್ತು. ಅವಳ ಕುತ್ತಿಗೆಯ ಆಚೆ ಅಕ್ಕನ ತಲೆ ಕಂಡಿತು. ಅಕ್ಕ ನಮ್ಮ ಕಡೆ ಮುಖ ಮಾಡಿ, ಹಿಂದಕ್ಕೆ ಬಾಗಿ, ಹಗ್ಗವನ್ನು ಜಗ್ಗಿ ಹಿಡಿದಿದ್ದಳು. ಹಗ್ಗ ಮಣಿಕಟ್ಟಿನ ಸುತ್ತ ಇತ್ತು. ನಾಲ್ಕು ಸುತ್ತು.

“ಅಕ್ಕ.” ನಾನು ಕೂಗಲಿಲ್ಲ. ಊಟಕ್ಕೆ ಕರೆಯುವಷ್ಟೇ ದನಿಯಲ್ಲಿ ಹೇಳಿದೆ. “ಹಗ್ಗ ಬಿಚ್ಚು.”

“ಬಿಚ್ಚಿದ್ರೆ ಹಿಂದಕ್ಕೆ ಬರ್ತಾಳೆ. ಹಿಂದೆ ನೀನಿದೀಯ.”

“ಅವಳು ಹಿಂದೆನೂ ಬರಲ್ಲ ಮುಂದೆನೂ ಹೋಗಲ್ಲ. ಕಾಲು ಎತ್ತೋಕೆ ಆಗ್ತಿಲ್ಲ ಅವಳಿಗೆ. ಬಿಚ್ಚು ಅಕ್ಕ.”

“ಬೆರಳು ಮರಗಟ್ಟಿದೆ ಕಣೋ,” ಎಂದಳು. ಅಕ್ಕ ಅಳುವುದನ್ನು ನಾನು ಹೆಚ್ಚು ನೋಡಿದವನಲ್ಲ. ಆಗಲೂ ಅಳಲಿಲ್ಲ, ಆದರೆ ದನಿ ಚಿಕ್ಕಂದಿನದಾಗಿತ್ತು.

ನಾನು ಅವಳ ಹತ್ತಿರ ಹೋಗಬೇಕಿತ್ತು. ಹೋಗಲು ಇದ್ದದ್ದು ಗೋಡೆಗೂ ಕುದುರೆಗೂ ನಡುವಿನ ಸಂದಿ, ಅದರಲ್ಲೂ ತಗಡು. ಮೊದಲು ಭಾರ ಇಳಿಯಬೇಕು. ಒಂದು ಪಕ್ಕದ್ದು ಮಾತ್ರ ಇಳಿಸಿದರೆ ಇನ್ನೊಂದು ಪಕ್ಕ ಅವಳನ್ನು ಎಳೆದುಕೊಂಡು ಹೋಗುತ್ತದೆ. ಹೇರಿನವರು ತಡಿಯ ಮೇಲೆ ಹಾಕುವ ಗಂಟು ಒಂದಿದೆ, ತುದಿ ಎಳೆದರೆ ಎರಡು ಪಕ್ಕವೂ ಒಟ್ಟಿಗೆ ಬಿಡುತ್ತದೆ. ಅದರ ತುದಿ ಬೆನ್ನಿನ ಮೇಲಿತ್ತು. ಎಳೆದರೆ ಸಿಡಿಲಿನಂಥ ಸದ್ದಾಗುತ್ತದೆ. ಸದ್ದಿಗೆ ಬೆಚ್ಚಿ ಅವಳು ಹಾರಿದರೆ ಅಕ್ಕನೂ ಹೋದಳು.

ಎಳೆಯದಿದ್ದರೆ ಗಾಳಿ ಎಳೆಯುತ್ತದೆ.

ಬೂದಿಯ ತೊಡೆಯ ಮೇಲೆ ಕೈಯಿಟ್ಟು, ನಾನು ಕಣೇ, ನಾನು, ಎಂದು ಹೇಳುತ್ತಾ ಗೋಡೆಗೆ ಅಂಟಿಕೊಂಡು ಮೇಲೆ ಕೈ ಚಾಚಿದೆ. ತುದಿ ಸಿಕ್ಕಿತು. ಅಕ್ಕನ ಕಣ್ಣು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಎಳೆದೆ.

ಒಳಗಿನ ತಗಡು ನನ್ನ ಪಾದದ ಮೇಲೆ ಬಿತ್ತು. ಹೊರಗಿನದು ಹೋಯಿತು. ಬಂಡೆಗೆ ಒಮ್ಮೆ ಬಡಿದು, ಇನ್ನೊಮ್ಮೆ ಬಡಿದು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲದೆ, ಕೊನೆಗೆ ಎಲ್ಲೋ ಕೆಳಗೆ ಒಂದು ಸಣ್ಣ ಸದ್ದು.

ಬೂದಿ ಹಾರಲಿಲ್ಲ. ಅಷ್ಟು ಸದ್ದಿಗೂ ಒಂದು ಹೆಜ್ಜೆ ಕಿತ್ತಿಡಲಿಲ್ಲ. ಕಿವಿ ಹಿಂದಕ್ಕೆ ಹೋಯಿತು, ಮೈ ಜುಂ ಎಂದಿತು, ಅಷ್ಟೇ. ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೇ. ಸಣ್ಣ ಸದ್ದಿಗೂ ಬೆಚ್ಚುವ ಜಾತಿ ಕುದುರೆಯದು. ಬೆಚ್ಚಿದರೂ ಕಾಲೂರಲು ಧೈರ್ಯವಾಗದಷ್ಟು ನೋವೆಂದರೆ ಅದು ಎಷ್ಟಿರಬೇಕು.

ಸಂದಿಯಲ್ಲಿ ತೂರಿ ಮುಂದೆ ಹೋದೆ. ಮೊದಲು ಅಕ್ಕನ ಮಣಿಕಟ್ಟಿನ ಹಗ್ಗ. ಬಿಗಿದು ಮಾಂಸದೊಳಗೆ ಹೂತಿತ್ತು, ಒಂದೊಂದೇ ಸುತ್ತು ಬಿಡಿಸಿದೆ. ಬೆರಳು ನೀಲಿಯಾಗಿದ್ದವು. ಅಂಗೈಯಲ್ಲಿ ಸುಮ್ಮನೆ ಹಿಡಿದುಕೋ, ಜಾರಿದರೆ ಬಿಟ್ಟುಬಿಡು ಎಂದೆ. ಬಿಡುವುದು ಹೇಗೋ ಎಂದಳು. ಅಮ್ಮನಿಗೆ ಕುದುರೆ ಹೋಯಿತು ಎಂದು ಹೇಳಬಲ್ಲೆ, ಇನ್ನೊಂದನ್ನು ಹೇಳಲಾರೆ ಎಂದೆ. ಅವಳು ಹಗ್ಗವನ್ನು ಅಂಗೈಗೆ ಬದಲಿಸಿಕೊಂಡಳು.

ಕೂತು ಬೂದಿಯ ಬಲ ಮುಂಗಾಲು ಎತ್ತಿದೆ. ಹತ್ತು ವರ್ಷದಲ್ಲಿ ಸಾವಿರ ಕಾಲು ಎತ್ತಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ.

ಲಾಳದ ಒಳ ಅಂಚಿಗೂ ಅಂಗಾಲಿಗೂ ನಡುವೆ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಹೆಬ್ಬೆರಳಿನಷ್ಟು, ಮೂರು ಮೂಲೆಯದು. ಲಾಳ ಅದನ್ನು ಉಂಗುರ ಹರಳನ್ನು ಹಿಡಿಯುವ ಹಾಗೆ ಬಿಗಿಯಾಗಿ ಹಿಡಿದಿತ್ತು. ಬರಿಗಾಲಾಗಿದ್ದರೆ ಅದು ಒಂದು ಹೆಜ್ಜೆಗೆ ಚುಚ್ಚಿ ಬಿದ್ದುಹೋಗುತ್ತಿತ್ತು. ಇಲ್ಲಿ ಹೆಜ್ಜೆ ಹೆಜ್ಜೆಗೂ ಅದೇ ಕಲ್ಲು, ಅದೇ ಜಾಗಕ್ಕೆ. ಕಾಗದದಷ್ಟು ತೆಳುವಾದ ಜಾಗಕ್ಕೆ. ಇಕ್ಕಳದಿಂದ ಮೀಟಿ ತೆಗೆದೆ. ಕೆಳಗೆ ಗುಳಿ ಬಿದ್ದಿತ್ತು, ಗುಳಿಯಲ್ಲಿ ಕಪ್ಪಗೆ ರಕ್ತ ಒಸರಿತು.

“ಲಾಳ ಕಿತ್ತುಬಿಡು,” ಎಂದಳು ಅಕ್ಕ. ಬೆಳಿಗ್ಗೆ ನನಗೆ ಸುಮ್ಮನಿರು ಎಂದವಳು.

ಕೀಳುವ ಹಾಗಿರಲಿಲ್ಲ. ಇಟ್ಟುಕೊಂಡರೆ ಕಬ್ಬಿಣ ಜಾರುತ್ತದೆ, ಕಲ್ಲು ಹಿಡಿಯುತ್ತದೆ. ಕಿತ್ತರೆ ಸುಲಿದ ಕಾಲು ನೇರ ಬಂಡೆಯ ಮೇಲೆ. ನಾವು ಅವಳನ್ನು ತಂದು ನಿಲ್ಲಿಸಿದ್ದು ಅಂಥ ಜಾಗದಲ್ಲಿ. ಕೆತ್ತಿದ ಮೇಲೆ ಲಾಳ ಬೇಕೇ ಬೇಕು, ಲಾಳ ಹಾಕಿದ ಮೇಲೆ ಕೆತ್ತಲೇಬೇಕು. ನಾಲ್ಕು ತಲೆಮಾರಿನಿಂದ ನಮ್ಮ ಅಂಗಳ ಹೀಗೆ ತನ್ನ ಬಾಲ ತಾನೇ ಕಚ್ಚಿಕೊಂಡು ಸುತ್ತುತ್ತಿದೆ. ಅದರಲ್ಲಿ ಹತ್ತು ವರ್ಷ ನಾನೂ ಸುತ್ತಿದ್ದೇನೆ.

ರಬ್ಬರ್ ಬೆಲ್ಟನ್ನು ಗೊರಸಿನ ಅಳತೆಗೆ ಕೊಯ್ದೆ. ಗೋಣಿಯನ್ನು ಮಡಿಸಿ ಅಂಗಾಲಿನ ಗುಳಿಗೆ ತುಂಬಿ, ಮೇಲೆ ರಬ್ಬರಿಟ್ಟು, ಇನ್ನೊಂದು ಗೋಣಿಯಲ್ಲಿ ಇಡೀ ಗೊರಸು ಸುತ್ತಿ ದಾರದಿಂದ ಬಿಗಿದೆ. ಎಡಗಾಲಿಗೂ ಹಾಗೆಯೇ. ಆ ಕಾಲು ಎತ್ತಿದಾಗ ಅವಳ ಭಾರವೆಲ್ಲ ನನ್ನ ಬೆನ್ನ ಮೇಲೆ ಬಂತು, ನನ್ನ ಮೊಣಕಾಲಿನಾಚೆ ನೆಲ ಇರಲಿಲ್ಲ. ಕೆಳಗೆ ನೋಡಲಿಲ್ಲ ಎಂದರೆ ಸುಳ್ಳು. ನೋಡಿದೆ. ಹಿಂಗಾಲಿಗೆ ಕಟ್ಟಲು ರಬ್ಬರ್ ಉಳಿಯಲಿಲ್ಲ.

ಮುಂದಿನ ಅಗಲ ಜಾಗಕ್ಕೆ ಅರವತ್ತು ಹೆಜ್ಜೆ. ನಾನು ಕೆಳಗೆ ಕೂತು ಒಂದೊಂದೇ ಕಾಲನ್ನು ಕೈಯಿಂದ ಮುಂದೆ ತಳ್ಳಿದೆ. ಅಕ್ಕ ಹಿಂದಕ್ಕೆ ನಡೆಯುತ್ತಾ, ಬಾ ತಾಯಿ, ಬಾ, ಎನ್ನುತ್ತಿದ್ದಳು. ಬೂದಿ ಕಾಲೂರಿದಳು. ಕಾದಳು. ಮತ್ತೆ ಊರಿದಳು. ನಲವತ್ತರವರೆಗೆ ಎಣಿಸಿದ್ದು ನೆನಪಿದೆ. ಆಗ ಹಿಂಗಾಲಿನ ಕಬ್ಬಿಣ ಕಿರ್ರೆಂದಿತು.

ಅವಳ ಹಿಂಭಾಗ ಅಂಚಿನಾಚೆ ಜಾರಿತು. ಮಂಡಿಯೂರಿದಳು. ಹಗ್ಗ ಅಕ್ಕನ ಅಂಗೈಯಲ್ಲಿ ಉರಿದುಕೊಂಡು ಓಡಿತು. ಅಕ್ಕ ಎರಡು ಹೆಜ್ಜೆ ಅದರ ಜೊತೆಗೆ ಬಂದಳು, ಬಿಡಲಿಲ್ಲ, ಆಮೇಲೆ ನನ್ನ ಮುಖ ನೋಡಿ ಬಿಟ್ಟಳು. ಹಗ್ಗದ ತುದಿ ಕಲ್ಲಿನ ಮೇಲೆ ಹಾವಿನಂತೆ ಹರಿದು ಅಂಚಿಗೆ ಹೋಯಿತು. ನಾನು ಗೋಡೆ ತಬ್ಬಿಕೊಂಡಿದ್ದೆ. ಏನೂ ಮಾಡಲು ಇರಲಿಲ್ಲ. ಮಾಡಬಹುದು ಎನಿಸಲೂ ಇಲ್ಲ.

ಗೋಣಿ ಕಟ್ಟಿದ ಮುಂಗಾಲುಗಳು ಜಾರಲಿಲ್ಲ. ಅವುಗಳ ಮೇಲೆ ಮೈಯನ್ನೆಲ್ಲ ಎಳೆದುಕೊಂಡು ಅವಳು ಮೆಲ್ಲಗೆ ಎದ್ದಳು. ನೋವಿನ ಕಾಲಿನ ಮೇಲೆಯೇ ಎದ್ದಳು. ಅಂಥ ಸದ್ದನ್ನು ಕುದುರೆಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ಎದ್ದು, ಯಾರೂ ಎಳೆಯದೆ, ಉಳಿದ ಇಪ್ಪತ್ತು ಹೆಜ್ಜೆ ತಾನೇ ನಡೆದಳು.

ಅಗಲ ಜಾಗಕ್ಕೆ ಬಂದ ಮೇಲೆ ಅಕ್ಕ ಅಂಗೈ ತೆರೆದು ನೋಡಿಕೊಂಡಳು. ಚರ್ಮ ಸುಲಿದು ಹಸಿಯಾಗಿತ್ತು. ಅವಳು ಅದರತ್ತ ನೋಡುತ್ತಲೇ, ನಾಲ್ಕು ಸುತ್ತಿದ್ದೆ ಕಣೋ, ಎಂದಳು. ಆಮೇಲೆ ಬೂದಿಯ ಕುತ್ತಿಗೆಗೆ ಹಣೆ ಹಚ್ಚಿ ನಿಂತಳು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಾನು ಪಕ್ಕದ ಪೊದೆಯಲ್ಲಿ ವಾಂತಿ ಮಾಡುತ್ತಿದ್ದೆ. ಮುಗಿದ ಮೇಲೆ ಬಯಲಿನವರಿಗೆ ಒಂದು ಸೀಟಿ ಹೊಡೆದೆ.

ಅಲ್ಲಿಂದ ಕೆಳಗೆ ಸುತ್ತುದಾರಿ ಒಂದಿದೆ, ಮಣ್ಣಿನದು. ಮೂರು ಗಂಟೆ ಹೆಚ್ಚು ಹಿಡಿಯುತ್ತದೆ ಎಂದು ಯಾರೂ ಬಳಸುವುದಿಲ್ಲ. ನಾವು ಅದರಲ್ಲೇ ಇಳಿದೆವು. ದಾರಿಯಲ್ಲಿ ನಾನು ಮಾವನಿಗೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡೆ. ಚಕ್ಕೆಯ ಕೆಂಪು ಚುಕ್ಕಿ, ಒದೆಯಪ್ಪನ ಹಿಂಗಾಲು, ಲಾಳ ಹಿಡಿದಿದ್ದ ಕಲ್ಲು, ಎಲ್ಲ. ಎಂಟನೇ ಕ್ಲಾಸಿನ ಮಾತಿಗೂ ಉತ್ತರ ಇತ್ತು. ಒಳ್ಳೆಯ ಉತ್ತರ. ಐದು ಜನರ ಮುಂದೆ ಬೆಳಿಗ್ಗೆ ನಕ್ಕಿದ್ದಕ್ಕೆ ಐದು ಜನರ ಮುಂದೆಯೇ.

ಸಂಜೆ ಬಿಸಿಲು ಇನ್ನೂ ಇತ್ತು. ಅಂಗಳದಲ್ಲಿ ಎಲ್ಲರೂ ಇದ್ದರು. ಸೀಟಿ ಕೇಳಿ ಓಡಿಬಂದು ನಮ್ಮನ್ನು ನೋಡಿಹೋಗಿದ್ದ ಮೀಸೆ ಮೊದಲೇ ಇಳಿದು ಸುದ್ದಿ ಮುಟ್ಟಿಸಿದ್ದ. ಬೂದಿ ಗೋಣಿಕಾಲಿನಲ್ಲಿ ಬಾಗಿಲು ದಾಟಿ ಚಪ್ಪಡಿಯ ಮೇಲೆ ಬಂದು ನಿಂತಳು. ತಗಡು ಎಲ್ಲಿ ಎಂದ ಕಂಟ್ರಾಕ್ಟರು. ಬಟ್ಟೆ ಸುತ್ತಿದ್ದ ಅಕ್ಕನ ಕೈ ಅವನ ಕಣ್ಣೆದುರಿಗೇ ಇತ್ತು.

ಮಾವ ಬಂದು ಬೂದಿಯ ಮುಂಗಾಲು ಎತ್ತಿ ದಾರ ಕೊಯ್ದ. ಗೋಣಿ ತೆಗೆದ. ತುಂಬಾ ಹೊತ್ತು ನೋಡಿದ. ಹೆಬ್ಬೆರಳಿನಿಂದ ಗುಳಿಯ ಪಕ್ಕ ಒತ್ತಿದ. ಅವಳು ಕಾಲು ಕಿತ್ತುಕೊಂಡಳು. ಅವನ ಹೆಬ್ಬೆರಳಿಗೆ ರಕ್ತ ಹತ್ತಿತ್ತು. ಅದನ್ನು ನಿಧಾನವಾಗಿ ಪ್ಯಾಂಟಿಗೆ ಒರೆಸಿಕೊಂಡ. ಅವನಿಗೆ ಗೊತ್ತಾಯಿತು. ನಲವತ್ತು ವರ್ಷದ ಕೈಗೆ ಗೊತ್ತಾಗದೆ ಇರುತ್ತದೆಯೇ? ಬಾಗಿದ ಬೆನ್ನು ನೆಟ್ಟಗಾಗುವಷ್ಟರಲ್ಲಿ ಅವನು ಮುಖ ಸರಿಮಾಡಿಕೊಂಡಿದ್ದ.

“ಒಂದು ಮೊಳೆ ಅಲುಗಿಲ್ಲ ನೋಡಿ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಅಂಥ ಜಾಗದಲ್ಲಿ ಬಿದ್ದೂ ಎದ್ದು ಬಂದಿದ್ದಾಳೆ. ಲಾಳ ಇಲ್ದೆ ಬರ್ತಿದ್ಲಾ? ನೀನೇ ಹೇಳು ಅಳಿಯ. ಹೌದೋ ಅಲ್ವೋ?”

ದನಿಯಲ್ಲಿ ಬೆಳಗಿನ ಮೊನೆ ಇರಲಿಲ್ಲ. ಕಣ್ಣು ಬೇರೇನನ್ನೋ ಕೇಳುತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮೀಸೆಯೂ ನಗುತ್ತಿರಲಿಲ್ಲ. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಬೂದಿ ಗೋಣಿ ಬಿಚ್ಚಿದ ಕಾಲನ್ನು ಚಪ್ಪಡಿಯ ಮೇಲೆ ಊರಲು ನೋಡಿದಳು, ಆಗದೆ ಮತ್ತೆ ಎತ್ತಿಕೊಂಡಳು. ನಾನು ಮಾತಾಡಿ ಮುಗಿಸುವವರೆಗೆ ಅವಳು ಆ ಕಲ್ಲಿನ ಮೇಲೆ ಮೂರು ಕಾಲಿನಲ್ಲಿ ನಿಲ್ಲಬೇಕಿತ್ತು.

ನೆಲದಲ್ಲಿದ್ದ ಗೋಣಿ ಎತ್ತಿ ಅವಳ ಗೊರಸಿಗೆ ಸುತ್ತಿದೆ. ಅಕ್ಕನ ಕೈಯಿಂದ ಹಗ್ಗ ತೆಗೆದುಕೊಂಡೆ. ಹಿಂಬಾಗಿಲ ಆಚೆ ಹಳ್ಳದ ಪಕ್ಕ ಉಸುಕಿನ ನೆಲವಿದೆ. ಹೇಳೋ, ಎಂದ ಮಾವ ಹಿಂದಿನಿಂದ. ಇನ್ನೊಮ್ಮೆ, ಮೆಲ್ಲಗೆ, ಹೇಳೋ ಎಂದ. ನಾನು ಬೂದಿಯ ಹೆಜ್ಜೆಗೆ ನನ್ನ ಹೆಜ್ಜೆ ಸರಿಹೊಂದಿಸಿಕೊಂಡು ನಡೆದೆ.